ಬಿಡಿಸಲು ಹೊರಟವಳು

ಅಮೆರಿಕದ ಗುಲಾಮಗಿರಿಯ ಮೇಲಿನ ಆ ಸೇಡಿನ ಸಿನಿಮಾ ನೋಡುವಾಗ, ದಣಿಗೆ ಗುಂಡು ಬಿದ್ದ ಕೂಡಲೇ ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬಳು. ಸುಳ್ಳೇಕೆ ಹೇಳಲಿ, ಮೈ ಜುಮ್ಮೆಂದಿತ್ತು. ಸಿಟ್ಟು ಬಂದದ್ದು ಆಮೇಲೆ, ಮಾಲ್‌ನ ಪಾರ್ಕಿಂಗಿನಲ್ಲಿ.

ಕಥೆ ಇಷ್ಟೇ. ಗುಲಾಮನೊಬ್ಬ ಬಂದೂಕು ಹಿಡಿದು, ದೊಡ್ಡ ಜಮೀನ್ದಾರನ ಬಂಗಲೆಯಲ್ಲಿ ಸಿಕ್ಕಿಬಿದ್ದ ಹೆಂಡತಿಯನ್ನು ಬಿಡಿಸಿಕೊಂಡು ಹೋಗುತ್ತಾನೆ. ಇಡೀ ಸಿನಿಮಾ ಅವಳಿಗಾಗಿ ರಕ್ತ ಹರಿಯುತ್ತದೆ. ಅವಳು ಮಾತ್ರ ಅಳುತ್ತಾಳೆ, ಬೆಚ್ಚುತ್ತಾಳೆ, ಕೊನೆಗೆ ಕುದುರೆ ಹತ್ತುತ್ತಾಳೆ. ನಿನಗೇನು ಬೇಕಮ್ಮ ಎಂದು ಅವಳನ್ನು ಯಾರೂ ಕೇಳುವುದಿಲ್ಲ. ಬಂಗಲೆ ಉರಿದುಹೋದ ಮೇಲೆ ಆ ಜಮೀನಿನಲ್ಲಿ ಉಳಿದ ಗುಲಾಮರು ಮಾರನೆಯ ಬೆಳಿಗ್ಗೆ ಯಾರ ಕೈಗೆ ಸಿಕ್ಕಿದರು, ಯಾರಿಂದ ಪೆಟ್ಟು ತಿಂದರು? ಅದೂ ಇಲ್ಲ. ಅಷ್ಟು ಜನರ ತಲೆತಲಾಂತರದ ನೋವನ್ನು ಒಬ್ಬ ಗಂಡಸಿನ ಶೂರತನಕ್ಕೆ ಹಿನ್ನೆಲೆ ಮಾಡಿಬಿಟ್ಟಿದ್ದಾರೆ ಎಂದು ದುಬೈಯ ಅಲ್ ಮುರಕ್ಕಬಾತಿನ ನಮ್ಮ ಫ್ಲ್ಯಾಟ್ ಸೇರುವವರೆಗೂ ಕೂಗಾಡಿದೆ. ಗಂಡ ತಮ್ಮ ಪಾಡಿಗೆ ಕಾರು ಓಡಿಸಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂಬುದು ಅವರಿಗೆ ಹೊಸತಲ್ಲ.

ಮರುದಿನ ಶುಕ್ರವಾರ. ಶುಕ್ರವಾರದ ಊಟ ನಮಗೆ ಅಬುಧಾಬಿಯಲ್ಲಿ, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಭಾವನ ವಿಲ್ಲಾದಲ್ಲಿ. ಭಾವ ಎಂದರೆ ಗಂಡನ ಅಣ್ಣ. ಬೆಳಿಗ್ಗೆಯೇ ಅಲ್ ಮೀನಾದ ಮಾರ್ಕೆಟ್ಟಿಗೆ ಹೋಗಿ ಅಂಜಲ್ ಮೀನು ತರುವುದು ಅವರ ವ್ರತ. ಅದನ್ನು ಹುರಿಯುವುದು, ಹನ್ನೆರಡು ಜನರಿಗೆ ಬಡಿಸುವುದು, ಪಾತ್ರೆ ತಿಕ್ಕುವುದು ಮನೆಗೆಲಸದ ಹೆಂಗಸು. ಬೆಳ್ತಂಗಡಿ ಕಡೆಯ ಕ್ರಿಶ್ಚಿಯನ್ ಆಕೆ, ನನಗಿಂತ ಹತ್ತು ವರ್ಷ ದೊಡ್ಡವಳು. ಕ್ರಿಸ್ಮಸ್ ಬಿಟ್ಟರೆ ಚರ್ಚಿನ ಮುಖ ನೋಡಿಲ್ಲ ಎಂದು ಒಮ್ಮೆ ನನ್ನ ಹತ್ತಿರ ಹೇಳಿಕೊಂಡಿದ್ದಳು. ಈ ದೇಶದಲ್ಲಿ ಚರ್ಚಿನ ದೊಡ್ಡ ಪೂಜೆ ಭಾನುವಾರವಲ್ಲ, ರಜೆಯ ದಿನವಾದ ಶುಕ್ರವಾರ.

ಊಟಕ್ಕೆ ಕುಳಿತಾಗ ಭಾವನೂ ಅದೇ ಸಿನಿಮಾ ನೋಡಿದ್ದಾರೆಂದು ತಿಳಿಯಿತು. "ಎಂಥಾ ಫಿಲ್ಮ್ ಮಾರಾಯ್ತಿ! ಆ ದಣಿಗಳಿಗೆ ಸರಿಯಾಗಿ ಬಿತ್ತು. ಖಲಾಸ್!" ಎಂದು ಮೀನಿನ ಮುಳ್ಳು ಬಿಡಿಸುತ್ತ ಹೇಳಿದರು.

ನಾನು ಶುರುಮಾಡಿದೆ. ಹೆಂಡತಿಗೆ ಮಾತಿಲ್ಲದ್ದು, ಉಳಿದ ಗುಲಾಮರನ್ನು ಮರೆತದ್ದು, ಎಲ್ಲ. "ಆಂಟಿ, ಇಟ್ಸ್ ಜಸ್ಟ್ ಎ ಮೂವಿ" ಎಂದಳು ಭಾವನ ಮಗಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಅಮೆರಿಕದ ದಣಿಗಳ ಕತೆ ಇರಲಿ. ಈ ಮನೆಯಲ್ಲಿ ಕೆಲಸದವರಿಗೆ ವಾರಕ್ಕೊಂದು ರಜೆ ಉಂಟಾ?"

ನನ್ನ ಓರಗಿತ್ತಿ, ಅಂದರೆ ಭಾವನ ಹೆಂಡತಿ, ಕೆಂಪಗಾದರು. "ನಾವೆಂತ ಕಟ್ಟಿ ಹಾಕಿದ್ದೇವಾ? ಅವಳನ್ನೇ ಕೇಳು" ಎಂದು ಅಡುಗೆಮನೆಗೆ ಕೂಗಿದರು. ಆಕೆ ಒದ್ದೆ ಕೈಯಲ್ಲಿ ಬಂದು ಬಾಗಿಲಲ್ಲಿ ನಿಂತಳು. "ನಿನಗೆ ಇಲ್ಲಿ ಕಷ್ಟ ಉಂಟಾ?" ಎಂದು ಓರಗಿತ್ತಿ ಕೇಳಿದರು.

"ಇಲ್ಲಮ್ಮ."

"ಹೆದರಬೇಡಿ, ಹೇಳಿ! ನಾನಿದ್ದೇನೆ" ಎಂದೆ. ಆಕೆ ನನ್ನನ್ನು ಒಮ್ಮೆ ನೋಡಿ ಒಳಗೆ ಹೋದಳು. ಆ ನೋಟದಲ್ಲಿ ಕೃತಜ್ಞತೆ ಇದೆ ಎಂದುಕೊಂಡೆ. ದುಬೈಗೆ ಮರಳುವಾಗ ದಾರಿಯುದ್ದಕ್ಕೂ ಗೆದ್ದವಳ ಗತ್ತಿನಲ್ಲಿ ಕುಳಿತಿದ್ದೆ.

ಭಾನುವಾರ ಇಲ್ಲಿ ಕೆಲಸದ ದಿನ. ಅಂದು ಮಧ್ಯಾಹ್ನ ನನ್ನ ಆಫೀಸಿಗೆ ಆಕೆಯ ಫೋನ್ ಬಂತು. ಓರಗಿತ್ತಿ ಮಕ್ಕಳನ್ನು ಕರೆತರಲು ಶಾಲೆಗೆ ಹೋಗಿದ್ದರಂತೆ.

"ಅಕ್ಕ, ನಿಮಗೆ ಹೇಳಿದ್ದು ಯಾರು?"

"ಏನು?"

"ನನ್ನ ಪರವಾಗಿ ಮಾತಾಡ್ಲಿಕ್ಕೆ. ನೀವು ಬೆಂಕಿ ಹಾಕಿ ಕಾರು ಹತ್ತಿದ್ರಿ. ಇಲ್ಲಿ ಇರುವವಳು ನಾನು. ಎರಡು ದಿನ ಆಯ್ತು, ಅಮ್ಮ ಮಾತು ಬಿಟ್ಟಿದ್ದಾರೆ. ಮಕ್ಕಳ ಪರೀಕ್ಷೆ ಮುಗಿದ ಮೇಲೆ ಶುಕ್ರವಾರ ಚರ್ಚಿಗೆ ಬಿಡ್ತೇನೆ ಅಂತ ಅವರ ಬಾಯಲ್ಲಿ ಹೇಳಿಸ್ಲಿಕ್ಕೆ ನನಗೆ ಆರು ತಿಂಗಳು ಹಿಡಿದಿತ್ತು. ಈಗ ಅದೂ ಇಲ್ಲ. ಊರಿಗೆ ಕಳಿಸ್ತಾರೋ ಏನೋ."

"ಅಷ್ಟು ಜನರ ಎದುರು ನಿಮ್ಮನ್ನು ಗುಲಾಮರ ಹಾಗೆ..." ಎಂದು ಏನೋ ತೊದಲಿದೆ.

"ನಾನು ಗುಲಾಮಳಲ್ಲ ಅಕ್ಕ. ದುಡಿಯಲಿಕ್ಕೆ ಬಂದವಳು. ಇನ್ನೊಂದು ಮಾತು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಶುಕ್ರವಾರ ಊಟಕ್ಕೆ ಬರುವುದು ಯಾರು?"

ನಾವು. ಮೂರು ವರ್ಷದಿಂದ, ತಪ್ಪದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆಯನ್ನು ಬೇರೆಯವರಿಗೆ ಎಷ್ಟು ಸಲ ಚುಚ್ಚಿದ್ದೇನೋ ಲೆಕ್ಕವಿಲ್ಲ. ಆ ದಿನ ಅದು ನನಗೇ ಚುಚ್ಚಿತು. ನಾನು ಬೈದ ಸಿನಿಮಾವನ್ನೇ ಆ ಊಟದ ಮೇಜಿನಲ್ಲಿ ಇನ್ನೊಮ್ಮೆ ತೆಗೆದಿದ್ದೆ, ಅದೂ ನನ್ನನ್ನೇ ಹೀರೋ ಮಾಡಿಕೊಂಡು.

"ಈಗ ನಾನೇನು ಮಾಡ್ಬೇಕು?"

"ಶುಕ್ರವಾರ ಹತ್ತಕ್ಕೆ ನನ್ನ ಪೂಜೆ. ಎಂಟೂವರೆಗೆ ಬನ್ನಿ. ಮಾತು ಬೇಡ. ಅಡುಗೆ ಮಾಡಿ."

ಹೋದೆ. ಗಂಡನನ್ನು ಬೆಳಿಗ್ಗೆ ಏಳಕ್ಕೇ ಎಬ್ಬಿಸಿ ಕಾರು ಹತ್ತಿಸಿದೆ. "ಇವತ್ತು ಅಡುಗೆ ನನ್ನದು" ಎಂದು ಓರಗಿತ್ತಿಗೆ ಹೇಳಿ ಸೆರಗು ಸಿಕ್ಕಿಸಿದೆ. ಅವರಿಗೆ ಅರ್ಥವಾಯಿತು, ಆದರೆ ಎಲ್ಲರ ಎದುರು ಬೇಡವೆನ್ನಲು ಕಾರಣ ಸಿಗಲಿಲ್ಲ. ಆಕೆ ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟು, "ಅಮ್ಮ, ಹೋಗಿ ಬರ್ತೇನೆ" ಎಂದು ಹೇಳಿ ಗೇಟು ದಾಟಿದಳು. ನನಗೊಂದು ಮಾತಿಲ್ಲ, ನಗುವಿಲ್ಲ. ನಾನು ಕುಚ್ಚಲಕ್ಕಿ ಬಸಿದೆ, ಅಂಜಲ್ ಹುರಿದೆ, ಹನ್ನೆರಡು ತಟ್ಟೆ ತೊಳೆದೆ. ಸಂಜೆಗೆ ಸೊಂಟ ಬಿದ್ದುಹೋಗಿತ್ತು.

"ಎಷ್ಟು ವಾರ ಈ ನಾಟಕ?" ಎಂದು ಓರಗಿತ್ತಿ ಕೇಳಿದರು.

"ಆಕೆ ಸಾಕು ಅನ್ನುವವರೆಗೆ" ಎಂದೆ.

ಎರಡನೆಯ ವಾರವೂ ಹಾಗೆಯೇ ಆಯಿತು. ಮೂರನೆಯ ಶುಕ್ರವಾರ ಹೆದ್ದಾರಿಯಲ್ಲಿ ಅಪಘಾತವಾಗಿ ಕಾರುಗಳು ಸಾಲುಗಟ್ಟಿ ನಿಂತಿದ್ದವು. ನಾವು ತಲುಪುವಾಗ ಹತ್ತೂಕಾಲು. ಆಕೆಯ ಪೂಜೆ ನನ್ನಿಂದಾಗಿ ತಪ್ಪಿತಲ್ಲ ಎಂದುಕೊಂಡು, ಚಪ್ಪಲಿ ಬಿಟ್ಟವಳೇ ಅಡುಗೆಮನೆಗೆ ಓಡಿದೆ.

ಒಲೆಯ ಮುಂದೆ ಓರಗಿತ್ತಿ ನಿಂತಿದ್ದರು. ನೈಟಿಯ ತೋಳು ಮೇಲೇರಿಸಿದ್ದರು, ಕೈಯಲ್ಲಿ ಸೌಟು, ಕೆನ್ನೆಯ ಮೇಲೆ ಮಸಾಲೆ.

"ನೀನು ಬರುವವರೆಗೆ ನಿಲ್ಲು ಅಂತ ಅವಳಿಗೆ ಸಾವಿರ ಸಲ ಹೇಳಿದೆ. 'ಅವರು ಬಂದರೂ ಬಾರದಿದ್ದರೂ ನನ್ನ ಪೂಜೆ ಹತ್ತಕ್ಕೇ ಅಮ್ಮ' ಅಂತ ಹೇಳಿ ಹೋಗಿಯೇ ಬಿಟ್ಟಳು!"