ಅಕ್ಕ ಕಳಿಸಿದ ಕರಿ ಹುರುಳಿ

ಹುರುಳಿಕಾಳಿನಲ್ಲಿ ಒಂದು ಹಟಮಾರಿ ಪ್ರೋಟೀನ್ ಇದೆ. ಉಂಡದ್ದನ್ನು ಅರಗಿಸುವ ಕಿಣ್ವವನ್ನೇ ಅದು ಹಿಡಿದು ನಿಲ್ಲಿಸುತ್ತದೆ. ಕಾಳಿಗೆ ಬಿದ್ದ ಹುಳ ಹೊಟ್ಟೆ ತುಂಬ ತಿಂದೂ ಸೊರಗುತ್ತದೆ. ಆ ಪ್ರೋಟೀನಿಗೆ ಆ್ಯಂಟಿಆಕ್ಸಿಡೆಂಟ್ ಗುಣವೂ ಇದೆಯೇ ಎಂದು ನೋಡುವುದು ನನ್ನ ಸಂಶೋಧನೆ. ಜಮಖಂಡಿಯ ಕಾಲೇಜಿನಲ್ಲಿ ಪಾಠ, ಸಂಜೆಯ ತನಕ ಅಲ್ಲೇ ಪ್ರಯೋಗಾಲಯದ ಒಂದು ಮೂಲೆ, ಆಮೇಲೆ ರಬಕವಿಯ ಬಾಡಿಗೆ ಕೋಣೆ. ಸುತ್ತ ಮಗ್ಗಗಳ ಸದ್ದು, ನನ್ನೊಡನೆ ಮಾತಾಡುವವರು ಒಬ್ಬರೂ ಇಲ್ಲ. ಎಷ್ಟೋ ದಿನ ಹಾಜರಿ ಕೂಗಿದ್ದು ಬಿಟ್ಟರೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ.

ಪೇಟೆಯ ಹುರುಳಿಯೆಲ್ಲ ಪರೀಕ್ಷಿಸಿ ಆಗಿತ್ತು. ನನಗೆ ಬೇಕಿದ್ದದ್ದು ಅನಗವಾಡಿಯ ನಮ್ಮ ಹೊಲದ ಕರಿ ಹುರುಳಿ. ಅದಕ್ಕೆ ಹುಳ ಬಿದ್ದದ್ದನ್ನು ನಾನು ಕಂಡೇ ಇರಲಿಲ್ಲ. ಹೊಲ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ವರ್ಷಗಳಾಗಿದ್ದವು. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದ ಅಕ್ಕ ಪುನರ್ವಸತಿ ಊರಿನಲ್ಲಿದ್ದಳು. ಅವಳಿಗೆ ಫೋನ್ ಮಾಡಿ, “ಆ ಕರಿ ಹುರಳಿ ಇದ್ರ ಇದ್ದಷ್ಟೂ ಕಳಸು” ಎಂದೆ. ಯಾಕೆಂದು ಹೇಳಲಿಲ್ಲ. ಹೇಳಿದರೆ ಅವಳಿಗೇನು ತಿಳಿದೀತು ಎಂಬ ಸೊಕ್ಕು.

ಬಸ್ಸಿನ ಕಂಡಕ್ಟರ್ ಕೈಯಲ್ಲಿ ಡಬ್ಬಿ ಬಂತು. ಮುಚ್ಚಳ ತೆಗೆದರೆ ಘಮ್ಮೆಂದಿತು. ಅಯ್ಯೋ ಶಿವನೇ, ಹುರಿದು ಉಪ್ಪು ಖಾರ ಹಚ್ಚಿದ್ದಳು! ಅಷ್ಟು ಕಾವು ತಗಲಿದ ಕಾಳಿನಲ್ಲಿ ನಾನು ಹುಡುಕುತ್ತಿದ್ದ ಗುಣ ಸತ್ತಂತೆಯೇ. ತಲೆ ಕೆಟ್ಟು ಅಲ್ಲೇ ನಿಂತು ಫೋನ್ ಮಾಡಿದೆ.

“ಯಾರ ಹೇಳಿದ್ರು ನಿನಗ ಹುರಿಯಾಕ?”

“ಹಸೀ ಹುರಳಿ ತಿಂದ್ರ ಹೊಟ್ಟಿ ಉಬ್ಬತೈತಿ ಬೇ,” ಅಂದಳು.

ನನ್ನ ಸಂಶೋಧನೆಯ ಅರ್ಧ ಅದೇ. ಅವಳು ಅದನ್ನು ಒಲೆಯ ಮುಂದೆ ಕೂತು ಕಲಿತಿದ್ದಳು. ಆದರೂ ಬಾಯಿಗೆ ಬಂದಂತೆ ಬೈದೆ. ಆಮೇಲೆ ಕೇಳಿದೆ, “ಬಿತ್ತಾಕರ ನಾಕ ಕಾಳ ಇಟ್ಟೀಯೋ ಇಲ್ಲೋ?”

“ಇಲ್ಲ. ಪ್ರತಿ ವರ್ಷಾ ಹಿತ್ತಲದಾಗ ಎರಡ ಸಾಲ ಬಿತ್ತಿ ಬೀಜ ಉಳಿಸಿಕೊಂಡ ಬಂದಿದ್ದೆ. ನೀ ಯಾವತ್ತೂ ಏನೂ ಬೇಡಿದಾಕಿ ಅಲ್ಲ. ಇದ್ದಷ್ಟೂ ಕಳಸಂದಿ, ಕಳಿಸಿದೆ.” ಮತ್ತೆ ಮೆಲ್ಲಗೆ ಕೇಳಿದಳು, “ಉಪ್ಪ ಹೆಚ್ಚಾತೇನ?”

ನಾನು ಫೋನ್ ಇಟ್ಟುಬಿಟ್ಟೆ.

ಆ ವಾರವಿಡೀ ಕೋಣೆಯಲ್ಲಿ ಒಬ್ಬಳೇ ಕೂತು ಅದನ್ನು ತಿಂದೆ. ಪರೀಕ್ಷೆಗೆಂದು ಒಂದು ಕಾಳೂ ತೆಗೆದಿಡಲಿಲ್ಲ. ಕಡೆಯ ಹಿಡಿ ಬಾಯಿಗೆ ಹಾಕಿಕೊಂಡಾಗ ಅಳು ಬಂತು, ಅಳುತ್ತಲೇ ಅಗಿದೆ. ಉಪ್ಪು ಸರಿಯಾಗಿತ್ತು. ಅಕ್ಕನಿಗೆ ಅಷ್ಟನ್ನು ಹೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.