ಇಟ್ಟಮಡುವಿನಲ್ಲಿ ನಾನು ಕೊಂಡ ಮಗು

1963ರಲ್ಲಿ ನಾನು ಬೆಂಗಳೂರಿನ ಆಸ್ಪತ್ರೆಯೊಂದರ ಮಕ್ಕಳ ವಿಭಾಗದಲ್ಲಿ ಕಿರಿಯ ವೈದ್ಯ, ರಿಸರ್ಚ್ ಅಸಿಸ್ಟೆಂಟ್ ಆಗಿದ್ದೆ. ಆಗ ನಮ್ಮ ಕಡೆ ಎಳೆಯ ಮಕ್ಕಳನ್ನು ಕೊಂಡೊಯ್ಯುತ್ತಿದ್ದ ಒಂದು ಕಾಯಿಲೆಯಿತ್ತು. ವೈದ್ಯರು ಅದನ್ನು ಇನ್‌ಫಂಟೈಲ್ ಸಿರೋಸಿಸ್ ಎನ್ನುತ್ತಿದ್ದರು, ಜನ ‘ಮಗೂಗೆ ಲಿವರ್ ಆಗಿದೆ’ ಎನ್ನುತ್ತಿದ್ದರು. ಚೆನ್ನಾಗಿ ಆಡಿಕೊಂಡಿದ್ದ ಮಗುವಿಗೆ ಸಿಡುಕು ಹತ್ತುತ್ತಿತ್ತು, ಹೊಟ್ಟೆ ಉಬ್ಬುತ್ತಿತ್ತು, ಲಿವರ್ ದಿನೇ ದಿನೇ ಗಟ್ಟಿಯಾಗಿ ಕೊನೆಗೆ ಕಾಮಾಲೆ ಬರುತ್ತಿತ್ತು. ಕಾರಣ ಗೊತ್ತಿರಲಿಲ್ಲ, ಮದ್ದೂ ಇರಲಿಲ್ಲ.

ಒಂದೇ ಮನೆಯಲ್ಲಿ ಒಂದಾದ ಮೇಲೊಂದು ಮಗು ಹೋಗುತ್ತಿದ್ದುದು ನಮ್ಮ ಮುಖ್ಯಸ್ಥರನ್ನು ಕಾಡುತ್ತಿತ್ತು. ಹಾಗೆ ಮಕ್ಕಳನ್ನು ಕಳೆದುಕೊಂಡ ಮನೆಗಳಲ್ಲಿ ಆಮೇಲೆ ಹುಟ್ಟಿದ ಮಗುವನ್ನು ಕಾಯಿಲೆ ಕಾಣಿಸಿಕೊಳ್ಳುವ ಮೊದಲಿನಿಂದಲೇ ಪರೀಕ್ಷಿಸುತ್ತಾ ಹೋಗಬೇಕು ಎಂಬುದು ಅವರ ಯೋಜನೆ. ಹೋಲಿಸಿ ನೋಡಲು ಕಾಯಿಲೆ ಇಲ್ಲದ ಮನೆಗಳ ಮಕ್ಕಳೂ ಬೇಕಿತ್ತು. ಜಯನಗರದ ಹೊಸ ಬಡಾವಣೆ ದಾಟಿದರೆ ಆಗೆಲ್ಲ ಹಳ್ಳಿಗಳೇ. ಸುದ್ದಗುಂಟೆಪಾಳ್ಯ, ಪುಟ್ಟೇನಹಳ್ಳಿ, ಇಟ್ಟಮಡು ಎಂದು ಸೈಕಲ್ ಮೇಲೆ ತೂಕದ ತಕ್ಕಡಿ ಕಟ್ಟಿಕೊಂಡು ತಿರುಗುವುದು ನನ್ನ ಪಾಲಿಗೆ ಬಂತು. ನನ್ನನ್ನು ಹಳೇ ಪಾತ್ರೆಯವನು ಎಂದು ತಿಳಿದು ಕರೆದವರೂ ಇದ್ದಾರೆ.

ಇಟ್ಟಮಡುವಿನಲ್ಲಿ ಜಯಮ್ಮ ಎಂಬಾಕೆ ಇದ್ದಳು. ಸೊಪ್ಪು ಬೆಳೆಯುವ ಒಕ್ಕಲು ಮನೆ. ಎರಡು ಮಕ್ಕಳು ನಮ್ಮ ವಾರ್ಡಿನಲ್ಲೇ ಇದೇ ಕಾಯಿಲೆಯಿಂದ ತೀರಿಕೊಂಡಿದ್ದವು. ಮತ್ತೆ ಮಗು ಆಗಿದೆಯೇ ಎಂದು ಕೇಳಿದರೆ ‘ಇಲ್ಲ’ ಎಂದಳು. ಪಕ್ಕದ ಮನೆಯ ಗೌರಮ್ಮನ ಮಡಿಲಲ್ಲಿ ಎಂಟು ತಿಂಗಳ ಗಂಡು ಮಗು ಇತ್ತು. ‘ನಂದೇ’ ಎಂದರು ಆಕೆ. ಗೌರಮ್ಮನಿಗೆ ಐವತ್ತರ ಮೇಲಾಗಿತ್ತು. ಹಳ್ಳಿಯಲ್ಲಿ ಇಂಥದ್ದೂ ಉಂಟು ಎಂದುಕೊಂಡು ಆ ಮಗುವನ್ನು ಕಾಯಿಲೆ ಇಲ್ಲದ ಮನೆಯ ಮಕ್ಕಳ ಸಾಲಿಗೆ ಸೇರಿಸಿಕೊಂಡೆ.

ಮುಂದಿನ ಭೇಟಿಗಳಲ್ಲಿ ಆ ಮಗುವಿನ ಲಿವರ್ ನನ್ನ ಬೆರಳಿಗೆ ಸಿಗತೊಡಗಿತು. ಅಂಚು ಚೂಪಾಗಿ, ಗಟ್ಟಿಯಾಗಿತ್ತು. ಮುಖ್ಯಸ್ಥರು ಕುರ್ಚಿಯಿಂದ ಎದ್ದೇ ಬಿಟ್ಟರು. ಕಾಯಿಲೆ ಇಲ್ಲದ ಮನೆಯಲ್ಲಿ, ಅದೂ ಶುರುವಿನಲ್ಲೇ ಸಿಕ್ಕಿದೆ. ಲಿವರ್ ಬಯಾಪ್ಸಿ ಮಾಡಲೇಬೇಕು ಎಂದರು. ಅಂದರೆ ಪಕ್ಕೆಲುಬಿನ ನಡುವೆ ದಪ್ಪ ಸೂಜಿ ಚುಚ್ಚಿ, ಲಿವರಿನ ನೂಲಿನಷ್ಟು ತುಣುಕು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುವುದು. ಒಳಗೆ ರಕ್ತ ಸೋರುವ ಅಪಾಯವಿದ್ದುದರಿಂದ ಹೆತ್ತವರ ಸಹಿ ಬೇಕಾಗುತ್ತಿತ್ತು.

ಸಹಿ ಎಂದೊಡನೆ ಗೌರಮ್ಮ ಹಿಂದೆ ಸರಿದರು. ‘ಹೆತ್ತೋಳು ಅವ್ಳು, ಅವ್ಳನ್ನ ಕೇಳಿ’ ಎಂದು ಜಯಮ್ಮನ ಕಡೆ ಕೈ ತೋರಿಸಿದರು. ವಿಷಯ ಆಗ ಗೊತ್ತಾಯಿತು. ಮಕ್ಕಳು ಉಳಿಯದ ಮನೆಯಲ್ಲಿ ಹೊಸ ಕೂಸನ್ನು ಮೊರದಲ್ಲಿ ಮಲಗಿಸಿ, ಬೊಗಸೆ ತೌಡಿಗೆ ಬೇರೆಯವರಿಗೆ ಮಾರಿಬಿಡುವ ಪದ್ಧತಿ ಇತ್ತು. ಹಾಲು ಕುಡಿಸುವವಳು ತಾಯಿಯೇ, ಆದರೆ ಮಗು ಕೊಂಡವರದು. ಮನೆಗೆ ಅಂಟಿದ ಕೇಡು ಬೇರೆಯವರ ಮಗುವನ್ನು ಮುಟ್ಟುವುದಿಲ್ಲ ಎಂಬ ನಂಬಿಕೆ.

‘ನಂದು ಅಂತ ರುಜು ಹಾಕಿದ್ರೆ ಮಾರಿದ್ದು ಮುರಿದೋಗುತ್ತೆ ಡಾಕ್ಟ್ರೇ. ಆಮೇಲೆ ಉಳಿಯಲ್ಲ’ ಎಂದಳು ಜಯಮ್ಮ. ಗಂಡನೂ ಅದನ್ನೇ ಹೇಳಿದ. ನನ್ನದು ಅತ್ತ ದರಿ ಇತ್ತ ಪುಲಿ. ಹೆತ್ತವಳು ತನ್ನದಲ್ಲ ಎನ್ನುತ್ತಾಳೆ, ಕೊಂಡವರು ಹೆತ್ತವಳನ್ನು ಕೇಳಿ ಎನ್ನುತ್ತಾರೆ.

ಜಯಮ್ಮ ಕೇಳಿದಳು: ‘ಸೂಜಿ ಹಾಕಿದ್ರೆ ವಾಸಿ ಆಗುತ್ತಾ?’

ಎಲ್ಲರಿಗೂ ಹೇಳುವುದನ್ನೇ ಹೇಳಿದೆ: ‘ಕಾಯಿಲೆ ಏನು ಅಂತ ಗೊತ್ತಾಗುತ್ತಮ್ಮ.’

‘ಹಂಗಾದ್ರೆ ಗೌರಕ್ಕನ ಕೈಯಿಂದ ನೀವೇ ಕೊಂಡ್ಕಳಿ. ನಿಮ್ದಾದ್ಮೇಲೆ ನೀವೇ ರುಜು ಹಾಕ್ಬೋದಲ್ಲ.’

ಹಾವು ಸಾಯಬಾರದು, ಕೋಲು ಮುರಿಯಬಾರದು. ನನಗೆ ನಗು ಬಂದರೂ ದಾರಿ ಸಿಕ್ಕಿತಲ್ಲ ಎಂದು ಒಪ್ಪಿಕೊಂಡೆ. ಗೌರಮ್ಮನ ಜಗಲಿಯ ಮೇಲೆ ವ್ಯಾಪಾರ ನಡೆಯಿತು. ನನ್ನ ಹತ್ತಿರ ತೌಡು ಎಲ್ಲಿಂದ ಬರಬೇಕು? ಗೌರಮ್ಮನೇ ತಮ್ಮ ಎಮ್ಮೆಯ ತೌಡು ತಂದು ನನ್ನ ಬೊಗಸೆಗೆ ಹಾಕಿ, ಅದನ್ನೇ ಮಗುವಿನ ಬೆಲೆಯೆಂದು ನನ್ನಿಂದ ತೆಗೆದುಕೊಂಡರು. ಮಗುವಿದ್ದ ಮೊರ ನನ್ನ ಕೈಗೆ ಬಂತು. ಮಗು ನನ್ನ ಅಂಗಿಯ ಗುಂಡಿ ಹಿಡಿದುಕೊಂಡಿತು.

ಮುಖ್ಯಸ್ಥರಿಗೆ ಹೇಳಿದಾಗ ಅವರು ನಗಲಿಲ್ಲ. ‘ಅವರೇ ಒಪ್ಪಿದ ಮೇಲೆ ನನ್ನದೇನು? ಸಹಿ ಹಾಕು’ ಎಂದರು. ಪೆನ್ನು ತೆಗೆದುಕೊಂಡೆ. ಅದುವರೆಗೆ ಎಷ್ಟೋ ತಂದೆತಾಯಿಗಳ ಕೈಯಲ್ಲಿ ಅದೇ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿದ್ದೆ. ಆದರೆ ಈಗ ಪೆನ್ನನ್ನು ಮೇಜಿನ ಮೇಲೆ ಇಟ್ಟೆ.

‘ಇದರಿಂದ ಈ ಮಗುವಿಗೆ ಏನು ಉಪಯೋಗ ಸಾರ್?’

‘ಈ ಮಗುವಿಗೆ ಏನೂ ಇಲ್ಲ. ಮುಂದೆ ಹುಟ್ಟೋ ಮಕ್ಕಳಿಗೆ ಆಗಬಹುದು.’

‘ಹಾಗಾದರೆ ಬೇಡ ಸಾರ್.’

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ‘ನಿನ್ನಂಥವರು ಹತ್ತು ಜನ ಇದ್ದರೆ ಈ ಕಾಯಿಲೆಗೆ ನೂರು ವರ್ಷವಾದರೂ ಮದ್ದು ಸಿಗೋಲ್ಲ ಕಣಯ್ಯ’ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಇಟ್ಟಮಡುವಿಗೆ ಹೋಗಿ, ಸೂಜಿಯಿಂದ ಮಗುವಿಗೆ ನೋವಾಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ, ಅದಕ್ಕೇ ಬೇಡವೆಂದೆ ಎಂದು ಜಯಮ್ಮನಿಗೆ ಬಿಡಿಸಿ ಹೇಳಿದೆ. ಆಕೆ ತಲೆಯಾಡಿಸಿ ಮಗುವನ್ನು ಎದೆಗೆ ಹಾಕಿಕೊಂಡಳು.

ಆಮೇಲೂ ಹೋಗಿ ನೋಡುತ್ತಿದ್ದೆ. ವಿಟಮಿನ್ ಹನಿ ಕೊಡುವುದು ಬಿಟ್ಟರೆ ನಾನು ಮಾಡಲು ಬೇರೆ ಏನೂ ಇರಲಿಲ್ಲ. ಲಿವರ್ ಇನ್ನೂ ದೊಡ್ಡದಾಗಿ ಹೊಟ್ಟೆಯಲ್ಲಿ ಕೆಳಗಿಳಿಯುತ್ತಾ ಬಂತು. ಹೊಟ್ಟೆಯಲ್ಲಿ ನೀರು ತುಂಬಿತು, ಕಣ್ಣು ಹಳದಿಯಾಯಿತು. ಮಗು ಮಾತ್ರ ನನ್ನನ್ನು ಕಂಡರೆ ಕೈ ಚಾಚುತ್ತಿತ್ತು.

ಒಂದು ಬೆಳಿಗ್ಗೆ ಹೊರರೋಗಿಗಳ ವಿಭಾಗದ ಬಾಗಿಲಲ್ಲಿ ಜಯಮ್ಮ ನಿಂತಿದ್ದಳು. ಕಂಕುಳಲ್ಲಿ ಮಗು ಇರಲಿಲ್ಲ. ಸಾಲಿನಲ್ಲಿದ್ದವರು ಜಾಗ ಬಿಟ್ಟರು. ಹತ್ತಿರ ಬಂದು ಮೆಲ್ಲಗೆ ಹೇಳಿದಳು:

‘ನಿಮ್ಮ ಮಗ ಹೋಗ್ಬಿಟ್ಟ ಡಾಕ್ಟ್ರೇ.’

ಈ ಮಾತನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೆ. ನನಗೆ ಯಾರೂ ಹೇಳಿರಲಿಲ್ಲ. ಕೇಳಿದ ತಂದೆತಾಯಿಗಳೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: ಅದೊಂದು ಮಾಡಿಸಿದ್ದರೆ ಉಳೀತಿತ್ತೇನೋ? ಇದು ತಿಳಿವಳಿಕೆ ಇಲ್ಲದವರ ಪ್ರಶ್ನೆ ಎಂದುಕೊಂಡು, ‘ಇಲ್ಲ’ ಎಂದು ಚುಟುಕಾಗಿ ಹೇಳಿ ಮುಂದಿನ ಹಾಸಿಗೆಗೆ ಹೋಗುತ್ತಿದ್ದೆ. ಆ ದಿನ ಎಲ್ಲ ತಿಳಿದಿದ್ದ ನನ್ನ ಬಾಯಿಂದಲೂ ಅದೇ ಬಂತು.

‘ಸೂಜಿ ಹಾಕಿಸಿದ್ದರೆ ಉಳೀತಿದ್ದನೇನೋ ಜಯಮ್ಮ.’

‘ಇಲ್ಲ ಡಾಕ್ಟ್ರೇ, ನೀವೇ ಹೇಳಿದ್ರಲ್ಲ’ ಎಂದಳು. ಎಂದವಳು ತಕ್ಷಣ ಹೊರಡಲಿಲ್ಲ. ನಾನು ಅಲ್ಲಿದ್ದ ಬೆಂಚಿನ ಮೇಲೆ ಕೂತೆ, ಆಕೆಯೂ ನನ್ನ ಪಕ್ಕದಲ್ಲಿ ಕುಳಿತಳು. ನಾನು ಕಣ್ಣು ಒರೆಸಿಕೊಂಡು ಏಳುವವರೆಗೂ ಕುಳಿತೇ ಇದ್ದಳು.

ನಿವೃತ್ತನಾಗುವವರೆಗೂ ತಂದೆತಾಯಿಗಳು ನನ್ನನ್ನು ಆ ಪ್ರಶ್ನೆ ಕೇಳುತ್ತಲೇ ಇದ್ದರು. ನನ್ನ ಉತ್ತರ ಬದಲಾಗಲಿಲ್ಲ, ಅದೇ ‘ಇಲ್ಲ’. ಆದರೆ ಹೇಳಿದ ಮೇಲೆ ಅವರ ಪಕ್ಕದಲ್ಲಿ ಕೂರುತ್ತಿದ್ದೆ.