ಮುನಿಯಮ್ಮ ಹಾಸಿಗೆ ಹಿಡಿಯಲಿಲ್ಲ

ಜಯನಗರದ ನಮ್ಮ ಬೀದಿಯ ಇಸ್ತ್ರಿ ಗಾಡಿಯಲ್ಲಿ ನನ್ನ ಕರಿ ಕೋಟಿನ ಮೇಲೆ ನೀರು ಚಿಮುಕಿಸಿ ಕೆಂಡದ ಪೆಟ್ಟಿಗೆ ಒತ್ತಿದರೆ ಒಂದು ವಾಸನೆ ಏಳುತ್ತದೆ. ಹಬೆ, ಇದ್ದಿಲು, ಹಳೇ ಬೆವರು. ನಿಮಗದು ಹಿಡಿಸಲಾರದು. ನನಗೆ ಮಾತ್ರ ಅದು ಯಡಿಯೂರು ಕೆರೆಯ ಹಿಂದಿನ ಬೀದಿಯಲ್ಲಿದ್ದ ರಂಗನಾಥ ರಾಯರ ಆಫೀಸಿನ ವಾಸನೆ. ಆಗ ಅಲ್ಲಿ ನಾನು ಜೂನಿಯರ್ ವಕೀಲೆ, ದಿನವೂ ಇಂಥದೇ ಇಸ್ತ್ರಿಯ ಕೋಟು ತೊಟ್ಟು ಹೋಗುತ್ತಿದ್ದೆ. ಆಫೀಸೆಂದರೆ ರಾಯರ ಮನೆಯ ಮುಂದಿನ ಕೋಣೆ. ಒಳಗೆ ಒಗ್ಗರಣೆ ಸಿಡಿದರೆ ಹೊರಗೆ ಕಕ್ಷಿದಾರರು ಕೆಮ್ಮುತ್ತಿದ್ದರು.

ಹಾಗೆ ಕೆಮ್ಮುತ್ತಲೇ ಪರಿಚಯವಾದವನು ಸಾರಕ್ಕಿಯ ಮುನಿರಾಜು. ಅವನಪ್ಪ ರಾಗಿ ಬೆಳೆದ ಹೊಲ ಸೈಟುಗಳಾಗಿ ಕೈಬಿಟ್ಟಿತ್ತು. ಅದರಲ್ಲೊಂದು ಸೈಟನ್ನು ಮುನಿರಾಜು ಒಬ್ಬರಿಗೆ ಮಾರಿ, ಆಮೇಲೆ ಅದನ್ನೇ ತಿಲಕ್ ನಗರದ ಟೀಚರೊಬ್ಬರಿಗೂ ಮಾರಿದ್ದ. ಟೀಚರ್ ವಂಚನೆಯ ದೂರು ಕೊಟ್ಟರು. ಪೊಲೀಸರು ಹಿಡಿಯುವ ಮೊದಲೇ ಜಾಮೀನು ಬೇಕೆಂದು, ಅಂದರೆ ನಿರೀಕ್ಷಣಾ ಜಾಮೀನಿಗಾಗಿ, ನಮ್ಮಲ್ಲಿಗೆ ಬಂದ. ಅರ್ಜಿ ವಜಾ ಆಯಿತು. ಮತ್ತೆ ಹಾಕಿದೆವು.

"ಹೋದ ಸಲಕ್ಕೂ ಈ ಸಲಕ್ಕೂ ಏನು ಬದಲಾಗಿದೆ?" ಎಂದರು ನ್ಯಾಯಾಧೀಶರು. ರಾಯರು ಹಳೇ ಕಾರಣಗಳನ್ನೇ ಮತ್ತೆ ಓದಿದರು. ಅದೂ ವಜಾ.

ಮುನಿರಾಜು ಸೋಲುವವನಲ್ಲ. ನೆಂಟರ ಮನೆಗಳಲ್ಲಿ ತಲೆಮರೆಸಿಕೊಂಡಿದ್ದವನು ಒಂದು ದಿನ ನಮ್ಮ ಕಿಟಕಿಯಲ್ಲಿ ಮುಖ ತೋರಿಸಿದ. "ಮೇಡಂ, ಗಡ್ಡ ಬಿಟ್ಟಿದೀನಿ. ಇದು ಬದಲಾವಣೆ ಅಲ್ವಾ?"

ನಕ್ಕುಬಿಟ್ಟೆ. ಮೋಸ ಮಾಡಿದವರ ಜೊತೆ ಇದೇ ತೊಂದರೆ ನೋಡಿ, ಅವರು ತುಂಬ ಇಷ್ಟವಾಗುತ್ತಾರೆ. ಇಲ್ಲದಿದ್ದರೆ ಟೀಚರ್ ನಂಬುತ್ತಿದ್ದರೇ?

ಕೊನೆಗೆ ಅವನೇ ದಾರಿ ಹೇಳಿದ. "ಅಮ್ಮ ಹಾಸಿಗೆ ಹಿಡಿದವ್ರೆ ಮೇಡಂ. ನೋಡ್ಕೊಳ್ಳೋಕೆ ನಾನೊಬ್ನೇ."

ನನಗೆ ಆಗ ಬರವಣಿಗೆಯ ಹುಚ್ಚು. 'ವಯೋವೃದ್ಧೆ, ಅಸಹಾಯಕಿ, ಶಯ್ಯಾಗತ ತಾಯಿ' ಎಂದೆಲ್ಲ ಹೊಸೆದು, ಓದಿ ನಾನೇ ಕಣ್ಣೊರೆಸಿಕೊಂಡೆ.

ಅರ್ಜಿಗೆ ಸಹಿ ಹಾಕಲು ಮುನಿರಾಜು ಬಂದ ಸಂಜೆ, ಅವನ ಹಿಂದೆಯೇ ಶಯ್ಯಾಗತ ತಾಯಿ ಗೇಟು ತಳ್ಳಿಕೊಂಡು ಒಳಗೆ ಬಂದರು. ಸೊಂಟದ ಮೇಲೆ ಅವರೆಕಾಯಿಯ ಚೀಲ. ಮಗ ಇಲ್ಲಿಗೆ ಬರುತ್ತಾನೆಂದು ನೆಂಟರಿಂದ ತಿಳಿದು ಸಾರಕ್ಕಿಯಿಂದ ನಡೆದೇ ಬಂದಿದ್ದರು. ಅವರೇ ಮುನಿಯಮ್ಮ. ರಾಯರು ನನ್ನ ಕಡೆ ನೋಡಿದರು. ನಾನು ಫ್ಯಾನಿನ ಕಡೆ ನೋಡಿದೆ.

"ಏನಮ್ಮ, ನಿಮಗೆ ಹುಷಾರಿಲ್ಲ ಅಂತ ಬರ್ದಿದೀವಲ್ಲ?" ಎಂದರು ರಾಯರು.

"ನಂಗೇನಾಗೈತೆ ಸ್ವಾಮಿ? ಗಟ್ಟಿಯಾಗಿವ್ನಿ." ಚೀಲ ಇಳಿಸಿ ಮಗನ ಕಡೆ ತಿರುಗಿದರು. "ನೀನು ಅವ್ರಿವ್ರ ಮನೇಲಿ ಬಚ್ಚಿಟ್ಕೊಂಡಿದೀಯ. ಬಾಗ್ಲು ತೆಗೆಯೋಳು ನಾನು ಕಣೋ. ಪೊಲೀಸ್ನೋರು ಬಂದ್ರೆ ಬೈತಾರೆ, ಬೈಸ್ಕೋತೀನಿ. ಆ ಟೀಚರಮ್ಮನೂ ಬರ್ತಾಳೆ. ಅವ್ಳು ಬೈಯಲ್ಲ. ನೀರು ಕೇಳ್ತಾಳೆ, ಕುಡೀತಾಳೆ, ಸುಮ್ನೆ ಹೋಗ್ತಾಳೆ. ಅದು ನನ್ ಕೈಲಾಗಲ್ಲ."

ಮುನಿರಾಜುವಿನ ಮುಖದಲ್ಲಿ ನಗು ಇಲ್ಲದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ.

"ನಾನು ಸೊಪ್ಪು ಹಾಕೋ ಜಾಗ ಐತಲ್ಲ, ನನ್ ಹೆಸ್ರಿಂದು," ಎಂದರು ಮುನಿಯಮ್ಮ. "ಅದನ್ನ ಅವ್ಳಿಗೆ ಬರ್ಕೊಟ್ಬಿಡಾನ."

"ಬ್ಯಾಡಮ್ಮ, ಅದೊಂದೇ ನಿಂದು ಅಂತ ಉಳಿದಿರೋದು."

"ಅವ್ಳಿಗೆ ಅದೂ ಉಳಿದಿಲ್ಲ."

ರಾಯರು ನನ್ನ ಅರ್ಜಿಯನ್ನು ಎರಡಾಗಿ ಹರಿದರು. ಒಳಗೆ ಹೋಗಿ, ಎಲ್ಲರಿಗೂ ತಾವೇ ಕಾಫಿ ತಂದರು.

ಟೀಚರ್ ಹೆಸರಿಗೆ ಆ ಜಾಗ ನೋಂದಣಿಯಾದ ಮೇಲೆ ಮತ್ತೊಮ್ಮೆ ಅರ್ಜಿ ಹಾಕಿದೆವು. ನ್ಯಾಯಾಧೀಶರು ಅದೇ ಪ್ರಶ್ನೆ ಕೇಳಿದರು. ಈ ಸಲ ರಾಯರು ಕ್ರಯಪತ್ರದ ನಕಲು ಮುಂದಿಟ್ಟರು. ಟೀಚರ್ ಎದ್ದು ನಿಂತು, ತಮ್ಮದೇನೂ ಆಕ್ಷೇಪಣೆಯಿಲ್ಲ ಎಂದರು. ಜಾಮೀನು ಸಿಕ್ಕಿತು. ಹೊರಗಿನ ಬೆಂಚಿನಲ್ಲಿದ್ದ ಮುನಿಯಮ್ಮ ಮಗನಿಗೆ ಹೇಳಿದ್ದು ಇಷ್ಟೇ: "ನಡಿ, ಮನೇಗೋಗಿ ಉಣ್ಣು."

ಟೀಚರ್ ಆ ಸೊಪ್ಪಿನ ಜಾಗದಲ್ಲಿ ಮನೆ ಕಟ್ಟಿಸಿದರು. ಹಿತ್ತಲಿನ ಒಂದು ಪಟ್ಟಿಯಲ್ಲಿ ಮುನಿಯಮ್ಮ ಇರುವಷ್ಟು ಕಾಲ ದಂಟಿನ ಸೊಪ್ಪು ಹಾಕುತ್ತಿದ್ದರಂತೆ. ಈಗ ಅವರೂ ಇಲ್ಲ, ರಾಯರೂ ಇಲ್ಲ. ರಾಯರ ಆಫೀಸು ಕೋಣೆಯ ಜಾಗದಲ್ಲಿ ಕಾರು ನಿಲ್ಲುತ್ತದೆ.

ನಿನ್ನೆ ಬಿಟಿಎಂ ಲೇಔಟಿನಿಂದ ಒಬ್ಬ ನನ್ನ ಆಫೀಸಿಗೆ ಬಂದಿದ್ದ. ಮೊಬೈಲ್ ಆ್ಯಪಿನಲ್ಲಿ ಹೂಡಿಕೆಯೆಂದು ಜನರನ್ನು ಮುಳುಗಿಸಿದ ಕೇಸು. ನಿರೀಕ್ಷಣಾ ಜಾಮೀನಿನ ಒಂದು ಅರ್ಜಿ ವಜಾ ಆಗಿದೆ, ಇನ್ನೊಂದು ಹಾಕಿ ಎಂದ. ಕಾನೂನು ಏನು ಹೇಳುತ್ತದೆಂದು ವಿವರಿಸಲು ಹೊರಟವಳು ಬೇರೇನೋ ಕೇಳಿದೆ.

"ನೀವಿಲ್ಲದಾಗ ಮನೆ ಬಾಗಿಲು ಯಾರು ತೆಗೀತಾರೆ?"

ಅವನು ಫೋನನ್ನು ಮೇಜಿನ ಮೇಲೆ ಬೋರಲಿಟ್ಟ. "ಹೆಂಡ್ತಿ, ಮೇಡಂ," ಎಂದ.

ಅಲ್ಲಿಯವರೆಗೆ ಅವನು ನಿಂತೇ ಇದ್ದ. ಕುರ್ಚಿ ಎಳೆದು ಕೊಟ್ಟೆ.